ಇಂಗ್ಲಿಷ್‌ಗೆ ಒಂದೇ ‘ಸರಿಯಾದ’ ಧಾಟಿ ಇದೆಯೇ? ನಮ್ಮ ಮಕ್ಕಳ ಉಚ್ಚಾರಣೆಯನ್ನು ಎಷ್ಟರ ಮಟ್ಟಿಗೆ ತಿದ್ದಬೇಕು?

ಪ್ರಶ್ನೆ: ಸಿಂಧನೂರಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಇತ್ತೀಚೆಗೆ ಅಂತಿಮ ವರ್ಷದವರಿಗೆ ಸಂದರ್ಶನದ ತರಬೇತಿ ಕೊಡಲು ಹೊರಗಿನಿಂದ ಒಬ್ಬ ತರಬೇತುದಾರರು ಬಂದಿದ್ದರು. ಅವರು ಪ್ರತಿಯೊಬ್ಬರಿಂದ ಸ್ವಪರಿಚಯ ಮಾಡಿಸಿ, ಬಹುತೇಕ ಎಲ್ಲರ ಹೆಸರಿನ ಮುಂದೆಯೂ ‘ಎಂ.ಟಿ.ಐ. ಜಾಸ್ತಿ’ ಎಂದು ಬರೆದುಕೊಟ್ಟು ಹೋದರು. ಮಾತೃಭಾಷೆಯ ಪ್ರಭಾವಕ್ಕೆ ಆ ವೃತ್ತಿಯವರು ಹೇಳುವುದು ಹೀಗೆ. ಯಾವ ಮಾತು ಅವರಿಗೆ ಅರ್ಥವಾಗಲಿಲ್ಲ, ಯಾವ ಪದ ತಪ್ಪಾಗಿ ಕೇಳಿಸಿತು ಎಂಬುದನ್ನು ಎಲ್ಲಿಯೂ ಬರೆದಿಲ್ಲ.

ನಮ್ಮ ತಾಲೂಕನ್ನು ಬಲ್ಲವರಿಗೆ ಗೊತ್ತಿದೆ, ನನ್ನ ತರಗತಿಯಲ್ಲಿ ಇರುವುದು ಒಂದೇ ಮಾತೃಭಾಷೆಯಲ್ಲ. ಕನ್ನಡ, ಉರ್ದು ಮನೆಗಳ ಮಕ್ಕಳ ಜೊತೆಗೆ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ, ನೀರಾವರಿ ಬಂದ ಮೇಲೆ ನೆಲೆಸಿದ ಕ್ಯಾಂಪುಗಳ ತೆಲುಗು ಮಕ್ಕಳಿದ್ದಾರೆ, ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮಕ್ಕಳೂ ಇದ್ದಾರೆ. ಒಬ್ಬನು ‘ವೆರಿ’ ಎಂದರೆ ಇನ್ನೊಬ್ಬನು ‘ಭೆರಿ’ ಎನ್ನುತ್ತಾನೆ. ಒಬ್ಬಳಿಗೆ ಅದು ‘ಸ್ಕೂಲ್’, ಪಕ್ಕದವಳಿಗೆ ‘ಇಸ್ಕೂಲ್’. ಇಷ್ಟು ದಿನ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿತ್ತು, ಪಾಠವೂ ನಡೆಯುತ್ತಿತ್ತು. ಆ ಪಟ್ಟಿ ಬಂದ ಮೇಲೆ ಮಕ್ಕಳು ಪರಸ್ಪರರ ಉಚ್ಚಾರಣೆಯನ್ನು ಅಣಕಿಸಲು ಆರಂಭಿಸಿದ್ದಾರೆ. ಪಾಠದ ನಡುವೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ ತಾಂಡಾದ ಹುಡುಗಿಯೊಬ್ಬಳು ಈಗ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತಂದುಕೊಡುತ್ತಾಳೆ. ಇದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆ ಇಷ್ಟೇ. ನಾವು ಮಾದರಿಯೆಂದು ಇಟ್ಟುಕೊಂಡಿರುವ ಉಚ್ಚಾರಣೆಯನ್ನು ಇಂಗ್ಲೆಂಡಿನಲ್ಲಾದರೂ ಎಲ್ಲರೂ ಆಡುತ್ತಾರೆಯೇ? ಊರಿಂದೂರಿಗೆ ಮಾತಿನ ಧಾಟಿ ಬದಲಾಗುವುದನ್ನು ಅಲ್ಲಿಯ ಜನ ಹೇಗೆ ಕಾಣುತ್ತಾರೆ? ನಾನು ತರಗತಿಯಲ್ಲಿ ಏನನ್ನು ತಿದ್ದಬೇಕು, ಏನನ್ನು ಹಾಗೆಯೇ ಬಿಡಬೇಕು?

ಉತ್ತರ: ಬಳ್ಳಾರಿಯ ನಿವೃತ್ತ ಪ್ರಾಧ್ಯಾಪಕ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಇಂಗ್ಲೆಂಡಿನಲ್ಲಿ ಎಲ್ಲರೂ ಆಡುವ ಒಂದೇ ಉಚ್ಚಾರಣೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಪಠ್ಯಗಳಿಗೆ ಮಾದರಿಯಾಗಿ ಬಂದದ್ದು ‘ರಿಸೀವ್ಡ್ ಪ್ರನನ್ಸಿಯೇಷನ್’, ಅಂದರೆ ಆರ್.ಪಿ. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ತಮ್ಮ ಉಚ್ಚಾರಣಾ ನಿಘಂಟನ್ನು ಹೊರತಂದಾಗ ಅದನ್ನು ಕರೆದದ್ದು ‘ಪಬ್ಲಿಕ್ ಸ್ಕೂಲ್ ಪ್ರನನ್ಸಿಯೇಷನ್’ ಎಂದು. 1926ರ ಆವೃತ್ತಿಯಲ್ಲಿ ಈಗಿನ ಹೆಸರು ಬಂತು. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಸಿರಿವಂತರು ಮಕ್ಕಳನ್ನು ಕಳಿಸುವ ದುಬಾರಿ ವಸತಿ ಶಾಲೆ. ಹೀಗಾಗಿ ಅದು ಯಾವುದೋ ಒಂದು ಊರಿನ ಮಾತು ಎನ್ನುವುದಕ್ಕಿಂತ ಒಂದು ವರ್ಗದ ಮಾತು. 1970ರ ದಶಕದಲ್ಲಿ ಭಾಷಾವಿಜ್ಞಾನಿ ಪೀಟರ್ ಟ್ರಡ್ಜಿಲ್ ಕೊಟ್ಟ ಅಂದಾಜಿನ ಪ್ರಕಾರ ಬ್ರಿಟನ್ನಿನಲ್ಲಿ ಅದನ್ನು ಆಡುತ್ತಿದ್ದವರು ಶೇಕಡಾ 3ರಷ್ಟು ಜನ ಮಾತ್ರ. ಉಳಿದವರೆಲ್ಲ ತಮ್ಮ ತಮ್ಮ ಸೀಮೆಯ ಧಾಟಿಯಲ್ಲೇ ಮಾತನಾಡುತ್ತಿದ್ದರು: ನ್ಯೂಕ್ಯಾಸಲ್‌ನ ಜಾರ್ಡಿ, ಲಿವರ್‌ಪೂಲ್‌ನ ಸ್ಕೌಸ್, ಬರ್ಮಿಂಗ್‌ಹ್ಯಾಮ್‌ನ ಬ್ರಮ್ಮಿ, ಲಂಡನ್ನಿನ ಶ್ರಮಜೀವಿಗಳ ಕಾಕ್ನಿ, ಸ್ಕಾಟ್ಲೆಂಡಿನವರ ಮಾತು, ಹೀಗೆ.

ಈ ಭೇದಗಳನ್ನು ಅಲ್ಲಿಯ ಜನ ಹೇಗೆ ಕಂಡರು ಎಂಬುದು ನೋವಿನ ಇತಿಹಾಸ, ಅದನ್ನು ಮಕ್ಕಳಿಗೆ ಹೇಳಲೇಬೇಕು. 1791ರಲ್ಲಿ ಉಚ್ಚಾರಣಾ ನಿಘಂಟು ಬರೆದ ಜಾನ್ ವಾಕರ್ ಒಂದು ವಿಚಿತ್ರವಾದ ತೀರ್ಪು ಕೊಟ್ಟರು. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ದೂರದ ಸೀಮೆಗಳ ಉಚ್ಚಾರಣೆಯಲ್ಲಿ ತಪ್ಪುಗಳು ಹೆಚ್ಚು ಎಂದು ಅವರೇ ಹೇಳುತ್ತಾರೆ. ಹಾಗಿದ್ದರೂ ಅಭಿರುಚಿ ಉಳ್ಳವರಿಗೆ ಲಂಡನ್ನಿನ ಸಾಮಾನ್ಯರ ಮಾತೇ ಸಾವಿರ ಪಾಲು ಹೆಚ್ಚು ಅಸಹ್ಯ ಎನ್ನುತ್ತಾರೆ. ತಪ್ಪು ಕಡಿಮೆ, ಅಸಹ್ಯ ಹೆಚ್ಚು ಎಂದರೆ ಅವರು ತೂಗುತ್ತಿದ್ದದ್ದು ಉಚ್ಚಾರಣೆಯನ್ನಲ್ಲ, ಅದನ್ನು ಆಡುವವರ ಅಂತಸ್ತನ್ನು. ಕಾಕ್ನಿಯವರು ಹಕಾರವನ್ನು ಬಿಟ್ಟು ‘ಹೌಸ್’ ಎಂಬುದನ್ನು ‘ಔಸ್’ ಎನ್ನುತ್ತಾರೆ ಎಂಬ ಕಾರಣಕ್ಕೆ 19ನೆಯ ಶತಮಾನದುದ್ದಕ್ಕೂ ಅವರನ್ನು ಹೀಯಾಳಿಸಿದರು. ಹಳೆಯ ಮೈಸೂರು ಕಡೆ ಹಾಲನ್ನು ‘ಆಲು’ ಎನ್ನುವ ರೈತರನ್ನು ನಮ್ಮ ನಗರಗಳಲ್ಲಿ ನಡೆಸಿಕೊಂಡದ್ದೂ ಹೀಗೆಯೇ. ಇನ್ನು ನಮ್ಮ ಸೀಮೆಯ ಮಕ್ಕಳು ಬೆಂಗಳೂರಿನ ಹಾಸ್ಟೆಲಿಗೆ ಹೋದ ತಿಂಗಳೊಳಗೆ ‘ಹೊಂಟೀನಿ’ಯನ್ನು ಬಿಟ್ಟು ‘ಹೋಗ್ತಾ ಇದ್ದೀನಿ’ ಎನ್ನಲು ಕಲಿಯುವುದು ಯಾರ ಒತ್ತಾಯಕ್ಕೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳೇ ಹೇಳಬಲ್ಲರು.

ಬಿ.ಬಿ.ಸಿ. ಆಕಾಶವಾಣಿ ಆರಂಭವಾದ ದಶಕಗಳಲ್ಲಿ ಸುದ್ದಿ ಓದುವವರ ಧ್ವನಿ ಆರ್.ಪಿ.ಯಲ್ಲೇ ಇರುತ್ತಿತ್ತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರಿನ ವಿಲ್‌ಫ್ರೆಡ್ ಪಿಕಲ್ಸ್ ರಾಷ್ಟ್ರೀಯ ಸುದ್ದಿ ಓದಿ, ಕೊನೆಗೆ ತಮ್ಮ ಸೀಮೆಯ ಧಾಟಿಯಲ್ಲಿ ‘ಗುಡ್ ನೈಟ್’ ಎಂಬುದನ್ನು ‘ಗುಡ್ ನೀಟ್’ ಎಂದು ಹೇಳಿದಾಗ ಕೇಳುಗರಿಂದ ದೂರುಗಳು ಬಂದವು. ಪಿಕಲ್ಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಓದಿದ್ದು ಅದೇ ಸುದ್ದಿಯನ್ನು. ಸ್ವಂತ ದೇಶದವನ ಬಾಯಲ್ಲೇ ಈ ಮಾತನ್ನು ಸಹಿಸದಿದ್ದ ಜನರ ಅಳತೆಗೋಲನ್ನು ನಾವು ಸಿಂಧನೂರಿಗೆ ತಂದು ಮಕ್ಕಳನ್ನು ಅಳೆಯುವುದು ಎಷ್ಟರ ಮಟ್ಟಿಗೆ ನ್ಯಾಯ?

ಇನ್ನೊಂದು ಸಂಗತಿಯನ್ನು ತರಗತಿಯಲ್ಲಿ ಪ್ರಯೋಗದಂತೆಯೇ ತೋರಿಸಬಹುದು. ಕನ್ನಡಿಗರು ‘ಕಾರ್’, ‘ಫೋರ್ತ್’, ‘ಫ್ಲೋರ್’ ಎನ್ನುವಾಗ ರಕಾರವನ್ನು ಬಿಡದೆ ಉಚ್ಚರಿಸುತ್ತಾರೆ. ಲಂಡನ್ನಿನ ಶಿಷ್ಟ ಧಾಟಿಯಲ್ಲಿ ಆ ರಕಾರ ಇಲ್ಲ, ಇದ್ದರೆ ಅದು ಹಳ್ಳಿಯ ಗುರುತು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು: ಶ್ರೀಮಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸಿಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೆಯ ಮಹಡಿಯಲ್ಲಿ ಸಿಗುವ ಒಂದು ವಸ್ತುವಿನ ಹೆಸರು ಹೇಳಿ ಅದು ಎಲ್ಲಿದೆ ಎಂದು ಕೇಳುವುದು. ಕೆಲಸದವರು ‘ಫೋರ್ತ್ ಫ್ಲೋರ್’ ಎಂದ ಕೂಡಲೇ ಕೇಳಿಸಲಿಲ್ಲ ಎಂದು ನಟಿಸಿ ಮತ್ತೊಮ್ಮೆ ಹೇಳಿಸುವುದು. ಆಮೇಲೆ ಮರೆಗೆ ಹೋಗಿ ರಕಾರ ಬಂತೇ ಇಲ್ಲವೇ ಎಂದು ಬರೆದುಕೊಳ್ಳುವುದು. ಇದೇ ಅವರ ವಿಧಾನ. ಸ್ಯಾಕ್ಸ್‌ನಲ್ಲಿ ಶೇಕಡಾ 62, ಮೇಸಿಸ್‌ನಲ್ಲಿ 51, ಕ್ಲೈನ್‌ನಲ್ಲಿ 20ರಷ್ಟು ಜನ ಪೂರ್ತಿಯಾಗಿ ಅಥವಾ ಆಗಾಗ ರಕಾರ ಉಚ್ಚರಿಸಿದರು. ಅಂದರೆ ನ್ಯೂಯಾರ್ಕಿನಲ್ಲಿ ರಕಾರ ಇದ್ದವರು ಗೌರವಸ್ಥರು, ಲಂಡನ್ನಿನಲ್ಲಿ ಇಲ್ಲದವರು ಗೌರವಸ್ಥರು. ರಕಾರದಲ್ಲಿ ಸ್ವಂತದ ಘನತೆಯೂ ಇಲ್ಲ, ಕೀಳುತನವೂ ಇಲ್ಲ. ಆಯಾ ಊರಿನಲ್ಲಿ ಹಣ ಮತ್ತು ಅಧಿಕಾರ ಇರುವವರು ಏನು ಆಡುತ್ತಾರೋ ಅದಕ್ಕೆ ಬೆಲೆ ಬರುತ್ತದೆ.

ಉತ್ತರ: ತೋರಣಗಲ್ಲಿನಿಂದ ಒಬ್ಬ ತಂದೆ

ಪ್ರಾಧ್ಯಾಪಕರು ಬರೆದದ್ದನ್ನು ಗೌರವದಿಂದ ಓದಿದೆ. ಆದರೆ ಒಬ್ಬ ತಂದೆಯಾಗಿ ನಾನು ಬೇರೆ ಮಾತು ಹೇಳಬೇಕಾಗಿದೆ. ನನ್ನ ಮಗಳು ಎಂಜಿನಿಯರಿಂಗ್‌ನಲ್ಲಿ ಒಳ್ಳೆಯ ಅಂಕ ಪಡೆದು, ಲಿಖಿತ ಪರೀಕ್ಷೆಯನ್ನೂ ತಾಂತ್ರಿಕ ಸುತ್ತನ್ನೂ ದಾಟಿ, ಬೆಂಗಳೂರಿನ ಒಂದು ಕಂಪನಿಯ ಕೊನೆಯ ಸುತ್ತಿನಲ್ಲಿ ‘ಕಮ್ಯುನಿಕೇಷನ್’ ಎಂಬ ಒಂದೇ ಪದದ ಕಾರಣ ಕೊಟ್ಟು ಕೈಬಿಡಲ್ಪಟ್ಟಳು. ಆ ಕೋಣೆಯಲ್ಲಿ ಕುಳಿತವರಿಗೆ ಲೆಬಾವ್ ಅವರ ಅಂಗಡಿಗಳ ಕಥೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅವರ ಮನಸ್ಸು ಬದಲಾಗುತ್ತದೆ ಎಂಬ ಭರವಸೆ ನನಗಿಲ್ಲ. ಸಮಾಜದ ಕಿವಿ ಸರಿಹೋಗುವವರೆಗೆ ನಮ್ಮ ಮಕ್ಕಳು ಕಾಯಬೇಕೆಂದರೆ ಅವರ ವಯಸ್ಸು ಮೀರಿಹೋಗುತ್ತದೆ. ಪಟ್ಟಣದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಆ ಧಾಟಿ ಮನೆಯಲ್ಲಿ, ಶಾಲೆಯಲ್ಲಿ ತಾನಾಗಿಯೇ ಸಿಗುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಕಲಿಸುವುದು ಅವಮಾನವೆಂದು ಬಿಟ್ಟುಬಿಟ್ಟರೆ ಆ ಅಂತರ ಹಾಗೆಯೇ ಉಳಿಯುತ್ತದೆ. ಮೇಡಂ, ನೀವು ದಯವಿಟ್ಟು ಕಲಿಸಿರಿ. ಅಣಕಿಸದೆ ಕಲಿಸಿರಿ, ಆದರೆ ಕಲಿಸಿರಿ.

ಉತ್ತರ: ಲೀಡ್ಸ್‌ನಲ್ಲಿರುವ ಕೊಪ್ಪಳದ ನರ್ಸ್

ಅಕ್ಕಾವರೇ, ನಾನು ಕುಷ್ಟಗಿ ತಾಲೂಕಿನವಳು, ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಉತ್ತರ ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಯೊಂದರಲ್ಲಿ ವೃದ್ಧರ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ.

ಇಲ್ಲಿಗೆ ಬಂದ ಹೊಸತರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಇಲ್ಲಿಯವರ ಮಾತೇ. ಈ ಭಾಗದಲ್ಲಿ ಬಸ್ಸು ‘ಬುಸ್’, ಚಹಾದ ಕಪ್ ‘ಕುಪ್’, ಅಮ್ಮ ‘ಮುಮ್’. ದಕ್ಷಿಣದವರು ‘ಬಾತ್’ ಎಂದು ಎಳೆದು ಹೇಳುವ ಸ್ನಾನ ಇಲ್ಲಿ ಮೊಟಕಾದ ‘ಬ್ಯಾತ್’. ಹಿರಿಯ ರೋಗಿಯೊಬ್ಬರನ್ನು ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ ‘ನೌಟ್’ ಎನ್ನುತ್ತಾರೆ, ಅಂದರೆ ಏನೂ ಇಲ್ಲ. ‘ಔಟ್’ ಎಂದರೆ ಏನಾದರೂ. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಊಟದ ದಾಖಲೆಯೇ ತಪ್ಪಾಗುತ್ತದೆ, ಆದ್ದರಿಂದ ನಾನು ಇವುಗಳನ್ನು ಔಷಧಿಯ ಹೆಸರುಗಳಷ್ಟೇ ಎಚ್ಚರದಿಂದ ಕಲಿತೆ.

ನಮ್ಮ ಹಳ್ಳಿಯ ಶಾಲೆಯಲ್ಲಿ ಬಿ-ಯು-ಟಿ ಎಂಬ ಕಾಗುಣಿತ ನೋಡಿ ‘ಬುಟ್’ ಎಂದು ಓದಿದ ಹುಡುಗನನ್ನು ಇಡೀ ತರಗತಿ ನಕ್ಕು ಕೂರಿಸಿತ್ತು. ಲೀಡ್ಸ್‌ನಲ್ಲಿ ಹುಟ್ಟಿ ಬೆಳೆದ ವೈದ್ಯರು ಪ್ರತಿದಿನ ನನ್ನ ಮುಂದೆ ‘ಬುಟ್’ ಎಂದೇ ಹೇಳುತ್ತಾರೆ. ಆ ಹುಡುಗನು ಆಮೇಲೆ ಇಂಗ್ಲಿಷ್ ಪುಸ್ತಕವನ್ನು ಬಾಯಿಬಿಟ್ಟು ಓದಲಿಲ್ಲ. ಅವನನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಇಲ್ಲಿ ಎಲ್ಲರೂ ಸಮಾನರು ಎಂದು ತಿಳಿಯಬೇಡಿರಿ. ನನ್ನ ಜೊತೆ ಕೆಲಸ ಮಾಡುವ ಬರ್ಮಿಂಗ್‌ಹ್ಯಾಮಿನವರು, ತಾವು ಬಾಯಿ ತೆರೆದರೆ ಜನ ತಮ್ಮನ್ನು ಮಂದಬುದ್ಧಿಯವರೆಂದು ಭಾವಿಸುತ್ತಾರೆ ಎಂದು ಬೇಸರಪಡುತ್ತಾರೆ. ಬ್ರಿಟನ್ನಿನಲ್ಲಿ ದಶಕಗಳಿಂದ ನಡೆದ ಸಮೀಕ್ಷೆಗಳಲ್ಲಿ ಅವರ ಧಾಟಿ ಮತ್ತೆ ಮತ್ತೆ ಕೊನೆಯ ಸ್ಥಾನಗಳಲ್ಲೇ ಬಂದಿದೆ; 2000ದ ದಶಕದಲ್ಲಿ ಬಿ.ಬಿ.ಸಿ. ನಡೆಸಿದ ದೊಡ್ಡ ಸಮೀಕ್ಷೆಯಲ್ಲಿ ಬರ್ಮಿಂಗ್‌ಹ್ಯಾಮಿನ ಜೊತೆಗೆ ಏಷ್ಯಾ ಮೂಲದವರ ಧಾಟಿಯೂ ಕೆಳಗೆಯೇ ಇತ್ತು. ನನ್ನ ಮಾತಿನಲ್ಲಿ ಕುಷ್ಟಗಿ ಇದ್ದೇ ಇದೆ. ರೋಗಿಗಳಿಗೆ ಅರ್ಥವಾಗದೇ ಹೋದದ್ದು ನನ್ನ ವೇಗ. ಅದನ್ನು ತಗ್ಗಿಸಿಕೊಂಡ ಮೇಲೆ ವಾರ್ಡಿನಲ್ಲಿ ತೊಂದರೆಯಾಗಿಲ್ಲ.

ಉತ್ತರ: ಆನೆಗೊಂದಿಯ ಪ್ರವಾಸಿ ಮಾರ್ಗದರ್ಶಿ

ಮೇಡಂ ಅವರಿಗೆ ಶರಣು. ಹಂಪಿ ಮತ್ತು ಆನೆಗೊಂದಿಗೆ ಬರುವ ವಿದೇಶಿಯರಲ್ಲಿ ಫ್ರೆಂಚರು, ಇಸ್ರೇಲಿನವರು, ಜರ್ಮನರು ಬಹಳ. ಅವರಿಗೂ ಇಂಗ್ಲಿಷ್ ಕಲಿತ ಭಾಷೆ, ನಮಗೂ ಕಲಿತ ಭಾಷೆ. ಅವರು ‘ದಿಸ್’ ಎನ್ನುವ ಕಡೆ ‘ಜಿಸ್’ ಎಂಬಂತೆ ಹೇಳುತ್ತಾರೆ, ನಾವು ನಮ್ಮಂತೆ ಹೇಳುತ್ತೇವೆ, ವಿಜಯನಗರದ ಇತಿಹಾಸ ಇಬ್ಬರಿಗೂ ತಿಳಿಯುತ್ತದೆ. ಕೆಲವೊಮ್ಮೆ ಎಲ್ಲರಿಗಿಂತ ಕಷ್ಟವಾಗುವುದು ಸ್ವತಃ ಬ್ರಿಟಿಷ್ ಪ್ರವಾಸಿಯ ಮಾತು, ಏಕೆಂದರೆ ಅವರು ತಮ್ಮ ಊರಿನ ವೇಗದಲ್ಲೇ ಮಾತನಾಡುತ್ತಾರೆ. ಒಳ್ಳೆಯ ಇಂಗ್ಲಿಷ್ ಎಂದರೆ ಎದುರಿಗಿರುವವರ ಮುಖ ನೋಡಿ, ತಿಳಿಯಿತೋ ಇಲ್ಲವೋ ಎಂದು ಗಮನಿಸುತ್ತ ಮಾತನಾಡುವುದು ಎಂದು ನಾನು ನಂಬಿದ್ದೇನೆ.

ಪ್ರತಿಕ್ರಿಯೆ: ಸಿಂಧನೂರಿನ ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದಗಳು. ತೋರಣಗಲ್ಲಿನ ಸರ್ ಬರೆದ ಮಾತು ನನ್ನನ್ನು ಬಹಳ ಕಾಡಿತು, ಏಕೆಂದರೆ ನನ್ನ ಬಹುಪಾಲು ವಿದ್ಯಾರ್ಥಿಗಳ ತಂದೆತಾಯಿಗಳೂ ಇದನ್ನೇ ಹೇಳುತ್ತಾರೆ, ಅವರ ಆತಂಕ ನಿಜವಾದದ್ದು. ಪ್ರಾಧ್ಯಾಪಕರೇ, ಹಾಗಾದರೆ ಸೋಮವಾರ ತರಗತಿಗೆ ಹೋದಾಗ ನಾನು ಹಲಗೆಯ ಮೇಲೆ ಏನು ಬರೆಯಲಿ? ಯಾವ ಧ್ವನಿಯನ್ನು ತಿದ್ದಿದರೆ ಮಕ್ಕಳ ಮಾತು ಹೊರಗಿನವರಿಗೆ ನಿಜವಾಗಿಯೂ ಹೆಚ್ಚು ಅರ್ಥವಾಗುತ್ತದೆ?

ಉತ್ತರ: ಬಳ್ಳಾರಿಯ ನಿವೃತ್ತ ಪ್ರಾಧ್ಯಾಪಕ

ಮೊದಲು ತೋರಣಗಲ್ಲಿನ ಸರ್‌ಗೆ. ತಮ್ಮ ಮಗಳಿಗಾದದ್ದು ಅನ್ಯಾಯ. ಅದು ಕೇವಲ ಉಚ್ಚಾರಣೆ ತಿದ್ದಿಕೊಂಡರೆ ನೀಗುವ ಅನ್ಯಾಯವೂ ಅಲ್ಲ. ಅಮೆರಿಕದ ಸಂಶೋಧಕ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನೋಡಿರಿ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಒಬ್ಬರ ಧ್ವನಿಯಲ್ಲಿ ಮುದ್ರಿಸಿದ ಒಂದೇ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಒಂದು ಗುಂಪಿಗೆ ತೋರಿಸಿದ್ದು ಬಿಳಿಯ ಮಹಿಳೆಯ ಚಿತ್ರ, ಇನ್ನೊಂದಕ್ಕೆ ಏಷ್ಯಾ ಮೂಲದ ಮಹಿಳೆಯ ಚಿತ್ರ. ಎರಡನೆಯ ಗುಂಪಿನವರಿಗೆ ಇಲ್ಲದ ವಿದೇಶಿ ಧಾಟಿ ಕೇಳಿಸಿತು, ಪಾಠವೂ ಕಡಿಮೆ ಅರ್ಥವಾಯಿತು. ಕೇಳುವವರು ಮೊದಲೇ ತೀರ್ಮಾನಿಸಿ ಕುಳಿತಿದ್ದರೆ ಎಂಥ ಶುದ್ಧ ಉಚ್ಚಾರಣೆಯೂ ಅವರ ಕಿವಿಗೆ ಹೋಗುವುದಿಲ್ಲ. ಆದರೆ ಆ ಕಿವಿಯನ್ನು ಬದಲಿಸಲಾಗದು ಎಂಬ ನಿರಾಶೆಯೂ ಬೇಡ. ಆಗ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿದ್ದ ದೇವಯಾನಿ ಶರ್ಮಾ ಮತ್ತು ಸಂಗಡಿಗರು ಬ್ರಿಟನ್ನಿನ ವಕೀಲಿ ಸಂಸ್ಥೆಗಳ ನೇಮಕಾತಿಯನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಅನುಭವಿ ವಕೀಲರು ಅಭ್ಯರ್ಥಿಯ ಧಾಟಿಗಿಂತ ಉತ್ತರದ ಗುಣವನ್ನೇ ಹೆಚ್ಚು ಗಮನಿಸಿದರು. ಧಾಟಿಯ ಪೂರ್ವಗ್ರಹದ ಬಗ್ಗೆ ಮುಂಚಿತವಾಗಿ ಒಂದೆರಡು ಸಾಲು ಎಚ್ಚರಿಕೆ ಓದಿಸಿದರೂ ತೀರ್ಪಿನಲ್ಲಿ ವ್ಯತ್ಯಾಸ ಬರುತ್ತದೆ ಎಂದು ಅವರು ಕಂಡುಕೊಂಡರು. ಕ್ಯಾಂಪಸ್ಸಿಗೆ ಬರುವ ಕಂಪನಿಗಳಿಗೆ ಅಂಥ ಎರಡು ಸಾಲು ಕಳಿಸುವುದು ಕಾಲೇಜುಗಳ ಕೈಯಲ್ಲೇ ಇದೆ.

ಈಗ ಮೇಡಂ ಅವರ ಸೋಮವಾರದ ಪಾಠಕ್ಕೆ ಬರುತ್ತೇನೆ. ಧಾಟಿ ಬೇರೆ, ಅರ್ಥವಾಗುವಿಕೆ ಬೇರೆ. ಕೆನಡಾದಲ್ಲಿ ಮನ್ರೋ ಮತ್ತು ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲಿ ತೋರಿಸಿದ್ದು ಇದನ್ನೇ: ಧಾಟಿ ಬಹಳ ದಟ್ಟವಾಗಿದೆ ಎಂದು ಕೇಳುಗರು ಗುರುತು ಹಾಕಿದ ವಾಕ್ಯಗಳನ್ನೇ ಅದೇ ಕೇಳುಗರು ಅನೇಕ ಸಲ ಅಕ್ಷರಶಃ ಸರಿಯಾಗಿ ಬರೆದುಕೊಂಡಿದ್ದರು. ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ, ಬೇರೆ ಬೇರೆ ದೇಶಗಳವರು ಪರಸ್ಪರ ಇಂಗ್ಲಿಷ್ ಆಡುವಾಗ ಯಾವ ಧ್ವನಿ ಕೆಟ್ಟರೆ ಮಾತು ಮುರಿಯುತ್ತದೆ ಎಂದು ಹುಡುಕಿ ಒಂದು ಪಟ್ಟಿ ಮಾಡಿದರು. ಅದರಲ್ಲಿ ನಮಗೆ ಸಮಾಧಾನ ತರುವ ಸಂಗತಿಗಳು ಬಹಳ. ‘ಥಿಂಕ್’ ಎಂಬಲ್ಲಿನ ಧ್ವನಿ ಇಂಗ್ಲಿಷಿನವರಂತೆ ಬರದಿದ್ದರೆ ಅನಾಹುತವಿಲ್ಲ. ‘ಇಸ್ಕೂಲ್’ ಎಂದು ಸ್ವರ ಸೇರಿಸಿದರೂ ಕೇಳುಗರಿಗೆ ತಿಳಿಯುತ್ತದೆ. ವ್ಯಂಜನವನ್ನು ನುಂಗಿದರೆ ಮಾತ್ರ ತೊಂದರೆ. ಹ್ರಸ್ವ ದೀರ್ಘಗಳ ವ್ಯತ್ಯಾಸ ಅಗತ್ಯ ಎನ್ನುತ್ತಾರೆ, ಅದು ನಮಗೆ ಅಕ್ಷರಾಭ್ಯಾಸದಿಂದಲೇ ಬಂದಿದೆ. ‘ಶಿಪ್’ ಮತ್ತು ‘ಶೀಪ್’ ಬೇರೆ ಎಂದು ಕನ್ನಡದ ಮಗುವಿಗೆ ವಿಶೇಷವಾಗಿ ಹೇಳಿಕೊಡಬೇಕಾಗಿಲ್ಲ.

ಕೆಲಸ ಮಾಡಬೇಕಾದ ಮೊದಲ ಜಾಗ ಪದದ ಮೊದಲಿಗೆ ಬರುವ ಪ, ಟ, ಕ. ಇಂಗ್ಲಿಷಿನವರು ಅಲ್ಲಿ ಉಸಿರನ್ನು ಚಿಮ್ಮಿಸುತ್ತಾರೆ, ನಾವು ಅಲ್ಪಪ್ರಾಣದಲ್ಲೇ ಹೇಳುತ್ತೇವೆ, ಹಾಗಾಗಿ ನಮ್ಮ ‘ಪಿನ್’ ಅವರಿಗೆ ‘ಬಿನ್’ ಎಂದು ಕೇಳಿಸಬಹುದು. ತೆಳುವಾದ ಕಾಗದದ ಚೂರೊಂದನ್ನು ತುಟಿಯ ಮುಂದೆ ಹಿಡಿದು ‘ಪಿನ್’, ‘ಪೇಪರ್’ ಎನ್ನಿಸಿರಿ. ಕಾಗದ ಅಲುಗಾಡಿದರೆ ಉಸಿರು ಬಂದಿದೆ. ಉರ್ದು, ಲಂಬಾಣಿ, ಬಂಗಾಳಿ ಮನೆಗಳ ಮಕ್ಕಳ ಮಾತಿನಲ್ಲಿ ಮಹಾಪ್ರಾಣ ಜೀವಂತವಾಗಿದೆ, ಆದ್ದರಿಂದ ಈ ಪಾಠದಲ್ಲಿ ಅವರೇ ಮುಂದೆ ನಿಂತು ಕನ್ನಡದ ಮಕ್ಕಳಿಗೆ ತೋರಿಸಿಕೊಡಲಿ. ಚೀಟಿ ಬರೆದುಕೊಡುವ ಹುಡುಗಿಯನ್ನೇ ಮೊದಲು ಕರೆಯಿರಿ.

ಎರಡನೆಯದು ‘ವ’ ಧ್ವನಿ. ದ್ರಾಕ್ಷಿಯ ಬಳ್ಳಿ (vine), ಮದ್ಯ (wine) ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನೂ ನಾವು ಕನ್ನಡದಲ್ಲಿ ‘ವೈನ್’ ಎಂದೇ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅವುಗಳ ಮೊದಲ ಧ್ವನಿಗಳು ಬೇರೆ ಬೇರೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿಗಳು ದುಂಡಗಾಗಬೇಕು. ಕನ್ನಡಿ ಹಿಡಿದು ಅಭ್ಯಾಸ ಮಾಡಿದರೆ ಬೇಗ ಬರುತ್ತದೆ.

ಮೂರನೆಯದು ಒತ್ತು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಅಂದರೆ ಇಂದಿನ ಇಫ್ಲು ವಿಶ್ವವಿದ್ಯಾಲಯ, 1969ರಲ್ಲಿ ಪ್ರಕಟಿಸಿದ ಆರ್. ಕೆ. ಬನ್ಸಲ್ ಅವರ ಅಧ್ಯಯನ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಪದದ ಒತ್ತು ತಪ್ಪಿದ ಜಾಗಕ್ಕೆ ಬೀಳುವುದನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತ್ತು. ‘ಫೋಟೋಗ್ರಾಫ್’ನಲ್ಲಿ ಮೊದಲ ಅಕ್ಷರಕ್ಕೆ ಬೀಳುವ ಒತ್ತು ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ ಹೋಗುತ್ತದೆ, ‘ಡೆವಲಪ್‌ಮೆಂಟ್’, ‘ಹೋಟೆಲ್’ ಎಂಬಲ್ಲಿಯೂ ಎರಡನೆಯದಕ್ಕೇ. ಸಂದರ್ಶನದಲ್ಲಿ ಸಾಮಾನ್ಯವಾಗಿ ಬರುವ ಇಂಥ ಪದಗಳನ್ನು ಆರಿಸಿ, ಒತ್ತು ಬೀಳುವ ಕಡೆ ಬೆಂಚು ಬಡಿಸುತ್ತ ಹೇಳಿಸಿದರೆ ಕೆಲವು ವಾರಗಳಲ್ಲಿ ಫಲ ಕಾಣುತ್ತದೆ.

ಓದಲು ಅಥವಾ ಕೆಲಸಕ್ಕೆ ವಿದೇಶಕ್ಕೆ ಹೋಗುವವರು ಬರೆಯುವ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿನ ಭಾಗಕ್ಕೆ 9 ಬ್ಯಾಂಡ್‌ಗಳಿವೆ. ಅದರಲ್ಲಿ 8ನೆಯ ಬ್ಯಾಂಡ್ ಪಡೆಯುವವರಿಗೂ ತಾಯ್ನುಡಿಯ ಧಾಟಿ ಇರಬಹುದು. ಧಾಟಿಯ ಮಟ್ಟಿಗೆ, ಅದು ಅರ್ಥವಾಗುವುದಕ್ಕೆ ಹೆಚ್ಚು ಅಡ್ಡಿಯಾಗಬಾರದು ಎಂಬುದಷ್ಟೇ ಅಳತೆ. ಮುಂದಿನ ಸಲ ತರಬೇತುದಾರರು ಬಂದಾಗ ಈ ಅಳತೆಯನ್ನೇ ಅವರ ಮುಂದಿಡಿರಿ. ಅವರ ನಮೂನೆಯಲ್ಲಿ ‘ಎಂ.ಟಿ.ಐ.’ ಎಂಬ ಕಲಂ ತೆಗೆಸಿ, ‘ಅರ್ಥವಾಗದೇ ಹೋದ ಪದಗಳು’ ಎಂಬ ಕಲಂ ಹಾಕಿಸಿರಿ. ಅದರಲ್ಲಿ ಬರೆಯಲು ಒಂದು ಪದವೂ ಸಿಗದ ವಿದ್ಯಾರ್ಥಿಯ ಉಚ್ಚಾರಣೆಗೆ ಅಂಕ ಕಳೆಯುವಂತಿಲ್ಲ ಎಂದು ಮೊದಲೇ ಒಪ್ಪಿಸಿಕೊಳ್ಳಿರಿ.